ಜೋಸೆಫಸ್ ಆಟದ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಎನ್ ಜನ ವೃತ್ತವಾಗಿ ನಿಂತಿರುತ್ತಾರೆ. 1ನೇ ವ್ಯಕ್ತಿಯಿಂದ ಎಣಿಸುತ್ತ ಹೋಗಿ ಕೆ-ನೇ ವ್ಯಕ್ತಿಯನ್ನು ಹೊರಗೆ ಕಳಿಸುತ್ತಾರೆ. ಅವರ ಪಕ್ಕದವರಿಂದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಒಬ್ಬರೇ ಉಳಿಯುವವರೆಗೆ ಇದು ನಡೆಯುತ್ತದೆ. ಕೊನೆಗೆ ಉಳಿಯಬೇಕೆಂದರೆ ಎಷ್ಟನೇ ಜಾಗದಲ್ಲಿ ನಿಲ್ಲಬೇಕು ಎಂಬುದೇ ಪ್ರಶ್ನೆ.

ಈ ಲೆಕ್ಕಕ್ಕೆ ಹೆಸರು ಬಂದದ್ದು ಯೆಹೂದಿ ಇತಿಹಾಸಕಾರ ಫ್ಲೇವಿಯಸ್ ಜೋಸೆಫಸನಿಂದ. ಕ್ರಿ.ಶ. 67ರಲ್ಲಿ ರೋಮನ್ನರು ಯೋಟಪಾಟಾ ಊರನ್ನು ಹಿಡಿದಾಗ ಅವನು 40 ಜನರ ಜೊತೆ ಗುಹೆಯಲ್ಲಿ ಅಡಗಿದ್ದ. ಸೆರೆಯಾಗುವ ಬದಲು ಸರದಿಯಂತೆ ಸಾಯಲು ಒಪ್ಪಿದ ಅವರಲ್ಲಿ ಕೊನೆಗೆ ಬದುಕಿ ಉಳಿದವರು ಅವನೂ ಇನ್ನೊಬ್ಬನೂ. ಅವನ ಬರಹದಲ್ಲಿರುವುದು ಚೀಟಿ ಎತ್ತಿದ ಸಂಗತಿ. ಪ್ರತಿ ಮೂರನೆಯವನು ಎಂಬ ಎಣಿಕೆ ಆಮೇಲೆ ಸೇರಿಕೊಂಡದ್ದು. ಆದರೂ 41 ಜನ, ಕೆ = 3 ಎಂಬ ಜೋಡಿ ಇಂದಿಗೂ ಒಳ್ಳೆಯ ಪರೀಕ್ಷೆ: ಕೊನೆಯ ಇಬ್ಬರು 16 ಮತ್ತು 31, ಕೊನೆಯ ಒಬ್ಬರು 31. ನಿಮ್ಮ ಪ್ರೋಗ್ರಾಂ ಇದನ್ನು ಹೇಳದಿದ್ದರೆ ಮುಂದೆ ಓದಿ.

ಪ್ರೋಗ್ರಾಂ ಹತ್ತು ಸಾಲು ದಾಟುವುದಿಲ್ಲ, ತಪ್ಪುಗಳು ಮಾತ್ರ ಹಲವು ಬಗೆ. ಹೆಚ್ಚಿನವು ಅಲ್ಗಾರಿದಂನಲ್ಲಿ ಇರುವುದಿಲ್ಲ, ನಿಯಮವನ್ನು ಓದಿಕೊಂಡ ರೀತಿಯಲ್ಲಿ ಇರುತ್ತವೆ. ಸೂತ್ರ ಬದಲಿಸಿ ನೋಡುವುದು, ಒಂದು ಕೂಡಿಸಿ ನೋಡುವುದು, ಒಂದು ಕಳೆದು ನೋಡುವುದು, ಇದರಲ್ಲಿ ಗಂಟೆಗಳು ಹೋಗುತ್ತವೆ. ಐದು ಜನರ ಆಟವನ್ನು ಕಾಗದದ ಮೇಲೆ ಆಡಲು ಎರಡು ನಿಮಿಷ ಸಾಕು. ಆದ್ದರಿಂದ ಮೊದಲು ಕಾಗದ, ಆಮೇಲೆ ಇಂಡೆಕ್ಸ್ (ಪಟ್ಟಿಯಲ್ಲಿನ ಜಾಗದ ಸಂಖ್ಯೆ), ಆಮೇಲೆ ವೇಗ, ಕೊನೆಗೆ ದೊಡ್ಡ ಸಂಖ್ಯೆ.

ಲಕ್ಷಣ: ಪ್ರಶ್ನೆಯ ಜೊತೆ ಕೊಟ್ಟ ಮಾದರಿ ಉತ್ತರವೇ ಬರುತ್ತಿಲ್ಲ

ಕೋಡ್ ಮುಟ್ಟಬೇಡಿ. ನೀವು ಬಿಡಿಸುತ್ತಿರುವ ಆಟವೂ ಪ್ರಶ್ನೆ ಕೇಳಿದ ಆಟವೂ ಒಂದೇ ತಾನೇ ಎಂದು ಮೊದಲು ನೋಡಿ. "ಒಬ್ಬರನ್ನು ಬಿಟ್ಟು ಒಬ್ಬರನ್ನು ಹೊರಹಾಕು" ಎಂಬ ಒಂದು ವಾಕ್ಯದಿಂದಲೇ ಹಲವು ಆಟ ಹುಟ್ಟುತ್ತವೆ. ಎನ್ = 5 ಮತ್ತು ಎನ್ = 9 ಎರಡಕ್ಕೂ ಕೈಯಾರೆ ಆಡಿ, ಕೊನೆಗೆ ಉಳಿದವರ ಸಂಖ್ಯೆಯನ್ನು ಕೆಳಗಿನ ಜೋಡಿಗಳ ಜೊತೆ ಹೋಲಿಸಿ.

- ವೃತ್ತ, ಎರಡನೆಯವರು ಔಟ್ (2, 4, 1, 5 ಈ ಕ್ರಮದಲ್ಲಿ): 5ಕ್ಕೆ 3, 9ಕ್ಕೆ 3.
- ವೃತ್ತ, ಇಬ್ಬರನ್ನು ಬಿಟ್ಟು ಮೂರನೆಯವರು ಔಟ್ (3, 1, 5, 2): 5ಕ್ಕೆ 4, 9ಕ್ಕೆ 1.
- ವೃತ್ತ, ಮೊದಲು 1ನೇ ವ್ಯಕ್ತಿಯೇ ಔಟ್, ಆಮೇಲೆ ಒಬ್ಬರು ಬಿಟ್ಟು ಒಬ್ಬರು (1, 3, 5, 4): 5ಕ್ಕೆ 2, 9ಕ್ಕೆ 2.
- ಸಾಲು, ಪ್ರತಿ ಸುತ್ತೂ ಎಡತುದಿಯಿಂದಲೇ, ಸಮ ಜಾಗದವರು ಔಟ್: ಯಾವಾಗಲೂ 1.
- ಸಾಲು, ಪ್ರತಿ ಸುತ್ತೂ ಎಡತುದಿಯಿಂದಲೇ, ಬೆಸ ಜಾಗದವರು ಔಟ್: 5ಕ್ಕೆ 4, 9ಕ್ಕೆ 8.
- ಸಾಲು, ಒಂದು ಸುತ್ತು ಎಡದಿಂದ, ಮುಂದಿನದು ಬಲದಿಂದ, ತುದಿಯವರಿಂದಲೇ ಶುರು: 5ಕ್ಕೆ 2, 9ಕ್ಕೆ 6.

5 ಒಂದನ್ನೇ ಪರೀಕ್ಷಿಸಿದರೆ ಮೂರನೆಯದಕ್ಕೂ ಆರನೆಯದಕ್ಕೂ ಒಂದೇ ಉತ್ತರ ಬಂದು ಮೋಸ ಹೋಗುತ್ತೀರಿ. ಎರಡನೆಯದು ಮತ್ತು ಐದನೆಯದರ ಕಥೆಯೂ ಅದೇ. ಎರಡೂ ಸಂಖ್ಯೆ ಸೇರಿದಾಗ ಮಾತ್ರ ಆರೂ ಆಟ ಬೇರೆಬೇರೆಯಾಗಿ ಕಾಣುತ್ತವೆ.

"ಕೆ ಜನರನ್ನು ಬಿಟ್ಟು ಮುಂದಿನವರು" ಎಂದಿದ್ದರೆ ಸೂತ್ರದಲ್ಲಿ ಕೆ ಬದಲು ಕೆ + 1 ಹಾಕಬೇಕು. ಎಣಿಕೆ 1ನೇ ವ್ಯಕ್ತಿಯ ಬದಲು ಬೇರೆಡೆಯಿಂದ ಶುರುವಾದರೆ ಉತ್ತರ ಅಷ್ಟೇ ಜಾಗ ಜರುಗುತ್ತದೆ, ಲೆಕ್ಕ ಬೇರೇನೂ ಬದಲಾಗುವುದಿಲ್ಲ. ದಿಕ್ಕು ಬದಲಾಯಿಸುವ ಆರನೆಯ ಆಟಕ್ಕೆ ಮಾತ್ರ ಬೇರೆಯೇ ಸೂತ್ರ ಬೇಕು (ಎಲ್(ಎನ್) ಎಂದರೆ ಎನ್ ಜನರಲ್ಲಿ ಕೊನೆಗೆ ಉಳಿಯುವವರ ಜಾಗ): ಎಲ್(1) = 1, ಎಲ್(ಎನ್) = 2 × (ಎನ್/2 + 1 − ಎಲ್(ಎನ್/2)); ಭಾಗಾಕಾರದಲ್ಲಿ ಪೂರ್ಣಾಂಕವನ್ನಷ್ಟೇ ಇಟ್ಟುಕೊಳ್ಳಿ. 9ಕ್ಕೆ ಇದು 6 ಕೊಡುತ್ತದೆ. ಇದಕ್ಕೆ ವೃತ್ತದ ಸೂತ್ರವನ್ನು ಎಷ್ಟು ತಿದ್ದಿದರೂ ಕೂರುವುದಿಲ್ಲ.

ಲಕ್ಷಣ: ಉತ್ತರ ಒಂದು ಕಡಿಮೆ, ಅಥವಾ ಆಗಾಗ ಸೊನ್ನೆ

ಸೂತ್ರ ಇದು, ಜಾಗಗಳನ್ನು 0ಯಿಂದ ಎಣಿಸಿದಾಗ (ಜೆ(ಎನ್) ಎಂದರೆ ಎನ್ ಜನರಲ್ಲಿ ಕೊನೆಗೆ ಉಳಿಯುವವರ ಜಾಗ, % ಎಂದರೆ ಭಾಗಿಸಿದಾಗ ಉಳಿಯುವ ಶೇಷ):

ಜೆ(1) = 0
ಜೆ(ಎನ್) = (ಜೆ(ಎನ್ − 1) + ಕೆ) % ಎನ್

ಒಬ್ಬರು ಔಟ್ ಆದ ಮೇಲೆ ಉಳಿದ ಎನ್ − 1 ಜನರ ಆಟ ಹೊಸದಾಗಿ ಶುರುವಾಗುತ್ತದೆ. ಆ ಹೊಸ ಆಟದ ಸೊನ್ನೆಯ ಜಾಗ ಹಳೆಯ ಆಟದ ಕೆ ಎಂಬ ಜಾಗ. ಆದ್ದರಿಂದ ಸಣ್ಣ ಆಟದ ಉತ್ತರಕ್ಕೆ ಕೆ ಕೂಡಿಸಿ ವೃತ್ತ ಸುತ್ತಿಸಿದರೆ ದೊಡ್ಡ ಆಟದ ಉತ್ತರ ಬರುತ್ತದೆ. ಕೂಡಿಸಬೇಕಾದ್ದು ಕೆ, ಕೆ − 1 ಅಲ್ಲ. ಈ ಕಾರಣ ಮನಸ್ಸಿನಲ್ಲಿದ್ದರೆ ಸೂತ್ರ ಬಾಯಿಪಾಠ ಬೇಕಿಲ್ಲ.

ಎಲ್ಲ ಉತ್ತರವೂ ಸರಿಯಾಗಿ ಒಂದೇ ಒಂದು ಕಡಿಮೆ ಇದ್ದರೆ ಕೊನೆಯಲ್ಲಿ 1 ಕೂಡಿಸುವುದು ಮರೆತಿದೆ. 6 ಜನ, ಕೆ = 3 ಕೊಟ್ಟು ನೋಡಿ: 0 ಬಂದರೆ ದೋಷ ಇದೇ, ಸರಿ ಉತ್ತರ 1.

ಕೆಲವಕ್ಕೆ ಸೊನ್ನೆ, ಉಳಿದವಕ್ಕೆ ತಾಳಮೇಳ ಇಲ್ಲದ ಸಂಖ್ಯೆ ಬಂದರೆ ಎರಡು ಎಣಿಕೆಗಳು ಬೆರೆತಿವೆ: ಜೆ(1) = 1 ಎಂದು ಶುರು ಮಾಡಿ 0-ಎಣಿಕೆಯ ಸೂತ್ರ ಬಳಸಿದ್ದೀರಿ. ಕೆ = 3ಕ್ಕೆ ಈ ಬೆರಕೆ 2ಕ್ಕೆ 0, 3ಕ್ಕೆ 0, 4ಕ್ಕೆ 3, 5ಕ್ಕೆ 1 ಎನ್ನುತ್ತದೆ. 1ರಿಂದಲೇ ಎಣಿಸಬೇಕೆಂದಿದ್ದರೆ ಸೂತ್ರ (ಜೆ(ಎನ್ − 1) + ಕೆ − 1) % ಎನ್ + 1. ಒಳಗೆಲ್ಲ 0ಯಿಂದ ಎಣಿಸಿ, ಮುದ್ರಿಸುವ ಸಾಲಿನಲ್ಲಿ ಮಾತ್ರ 1 ಕೂಡಿಸುವುದು ಹೆಚ್ಚು ಸುರಕ್ಷಿತ.

41ಕ್ಕೆ 31 ಬರುವ ಬದಲು 28 ಬಂದರೆ ಅದು 40 ಜನರ ಉತ್ತರ. ಲೂಪ್ ಒಂದು ಸುತ್ತು ಮೊದಲೇ ನಿಂತಿದೆ. ಅದು 2ರಿಂದ ಎನ್‌ವರೆಗೆ, ಎನ್ ಕೂಡ ಸೇರಿ, ಓಡಬೇಕು.

ಹೋಲಿಸಲು, 1ರಿಂದ 10 ಜನರವರೆಗಿನ ಸರಿ ಉತ್ತರಗಳು: ಕೆ = 2ಕ್ಕೆ 1, 1, 3, 1, 3, 5, 7, 1, 3, 5; ಕೆ = 3ಕ್ಕೆ 1, 2, 2, 1, 4, 1, 4, 7, 1, 4.

ಲಕ್ಷಣ: ಕೊನೆಯವರು ಸರಿ, ಔಟ್ ಆದ ಕ್ರಮ ತಪ್ಪು

ಬಹಳ ಜನರನ್ನು ಕಾಡುವ ದೋಷ ಇದು, ಏಕೆಂದರೆ ಸಣ್ಣ ಪರೀಕ್ಷೆಯಲ್ಲಿ ಅಡಗಿ ಕೂರುತ್ತದೆ. ಪಟ್ಟಿಯಿಂದ ಒಬ್ಬರನ್ನು ತೆಗೆದ ಕೂಡಲೇ ಅವರ ಬಲಗಡೆ ಇದ್ದವರೆಲ್ಲ ಒಂದು ಜಾಗ ಎಡಕ್ಕೆ ಸರಿಯುತ್ತಾರೆ. ಅಂದರೆ ತೆಗೆದ ಇಂಡೆಕ್ಸ್‌ನಲ್ಲೇ ಈಗ ಪಕ್ಕದವರು ನಿಂತಿದ್ದಾರೆ, ಎಣಿಕೆಯ "ಒಂದು" ಅವರಿಗೆ ಆಗಲೇ ಸಂದಿದೆ. ಹಾಗಾಗಿ ಮುಂದೆ ಹೋಗಬೇಕಾದ್ದು ಕೆ − 1 ಹೆಜ್ಜೆ. ಕೆ ಹೆಜ್ಜೆ ಹೋದರೆ ಪ್ರತಿ ಸಲವೂ ಒಬ್ಬರು ಎಣಿಕೆ ತಪ್ಪಿಸಿಕೊಳ್ಳುತ್ತಾರೆ.

5 ಜನ, ಕೆ = 2 ಇಟ್ಟುಕೊಂಡು ತಪ್ಪು ಕೋಡನ್ನು ನಡೆಸಿ ನೋಡೋಣ. ಮೊದಲು ಇಂಡೆಕ್ಸ್ 1ರಲ್ಲಿರುವ 2 ಹೋಯಿತು. ಉಳಿದದ್ದು 1, 3, 4, 5. ಇಂಡೆಕ್ಸ್ 1 + 2 = 3, ಅಲ್ಲಿರುವ 5 ಹೋಯಿತು. ಉಳಿದದ್ದು 1, 3, 4; (3 + 2) % 3 = 2, 4 ಹೋಯಿತು. ಉಳಿದದ್ದು 1, 3; (2 + 2) % 2 = 0, 1 ಹೋಯಿತು. ಉಳಿದವರು 3. ಸರಿ ಉತ್ತರವೂ 3! ಆದರೆ ಕ್ರಮ 2, 5, 4, 1 ಆಗಿದೆ, ಆಗಬೇಕಿದ್ದದ್ದು 2, 4, 1, 5. ಅದೇ ಕೋಡಿಗೆ 6 ಜನರನ್ನು ಕೊಟ್ಟರೆ 6 ಎನ್ನುತ್ತದೆ, ಸರಿ ಉತ್ತರ 5. ಹಾಗಾಗಿ ಕೊನೆಯ ಸಂಖ್ಯೆಯೊಂದನ್ನೇ ನೋಡಿ ಕೋಡ್ ಸರಿ ಎಂದು ಒಪ್ಪಬೇಡಿ, ಪೂರ್ತಿ ಕ್ರಮವನ್ನು ಮುದ್ರಿಸಿ.

ಸರಿಯಾದ ನೇರ ವಿಧಾನ ಇಷ್ಟೇ:

ಪಟ್ಟಿ = 1ರಿಂದ ಎನ್‌ವರೆಗೆ; ಜಾಗ = 0
ಪಟ್ಟಿಯ ಉದ್ದ 1ಕ್ಕಿಂತ ಹೆಚ್ಚಿರುವವರೆಗೆ:
  ಜಾಗ = (ಜಾಗ + ಕೆ − 1) % ಪಟ್ಟಿಯ ಉದ್ದ
  ಆ ಜಾಗದವರನ್ನು ತೆಗೆದು ಮುದ್ರಿಸು

ಶೇಷ ತೆಗೆಯುವುದು ಆ ಹೊತ್ತಿನ ಉದ್ದದಿಂದ, ಶುರುವಿನ ಎನ್‌ನಿಂದ ಅಲ್ಲ. ಈ ನಾಲ್ಕು ಸಾಲನ್ನು ಬೇರೆ ಫೈಲಿನಲ್ಲಿ ಉಳಿಸಿಕೊಳ್ಳಿ. ನಿಧಾನವಾದರೂ ನಂಬಿಕೆಗೆ ಅರ್ಹ, ಮುಂದಿನ ಎಲ್ಲ ಪರೀಕ್ಷೆಗೂ ಇದೇ ಅಳತೆಗೋಲು.

ಲಕ್ಷಣ: ಕೆ ಚಿಕ್ಕದಿದ್ದಾಗ ಸರಿ, ಎನ್‌ಗಿಂತ ದೊಡ್ಡದಾದರೆ ಕೆಡುತ್ತದೆ

ಇಂಡೆಕ್ಸ್ ಮಿತಿ ಮೀರಿದೆ ಎಂಬ ಎರರ್ ಬಂದರೆ ಎಲ್ಲೋ % ಬಿಟ್ಟುಹೋಗಿದೆ, ಅಥವಾ ಉದ್ದ ಮೀರಿದಾಗ ಒಂದೇ ಸಲ ಉದ್ದವನ್ನು ಕಳೆದು ಸುಮ್ಮನಾಗಿದ್ದೀರಿ. ಕೆ ಎನ್‌ನ ಮೂರು ಪಟ್ಟಿದ್ದರೆ ಒಂದು ಸಲ ಕಳೆದದ್ದು ಸಾಲದು.

ಋಣ ಸಂಖ್ಯೆ ಬಂದರೆ ಹಿಂದಕ್ಕೆ ಎಣಿಸುವ ಅಥವಾ ಉತ್ತರವನ್ನು ಹಿಂದಕ್ಕೆ ಜರುಗಿಸುವ ಸಾಲನ್ನು ನೋಡಿ. ಸಿ++ ಮತ್ತು ಜಾವಾದಲ್ಲಿ −1 % 5 ಎಂದರೆ −1. ಪೈಥಾನ್‌ನಲ್ಲಿ 4. ಪೈಥಾನ್‌ನಿಂದ ಸಾಲು ಸಾಲಾಗಿ ಬರೆದುಕೊಂಡ ಕೋಡ್ ಜಾವಾದಲ್ಲಿ ಕೆಡುವುದು ಇಲ್ಲಿಯೇ. ((ಜಾಗ % ಎನ್) + ಎನ್) % ಎನ್ ಎಂದು ಬರೆದರೆ ಎರಡರಲ್ಲೂ ಸರಿಯಿರುತ್ತದೆ.

ಲಕ್ಷಣ: ಸಾವಿರದ ಆಸುಪಾಸಿನಲ್ಲಿ ಪ್ರೋಗ್ರಾಂ ಕುಸಿಯುತ್ತದೆ

ಸೂತ್ರವನ್ನು ರಿಕರ್ಷನ್‌ನಲ್ಲಿ, ಅಂದರೆ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವಂತೆ, ಬರೆದಿದ್ದೀರಿ. ಪೈಥಾನ್‌ನ ರಿಕರ್ಷನ್ ಮಿತಿ ಸಾಮಾನ್ಯವಾಗಿ 1000. ಎನ್ ಅದರ ಹತ್ತಿರ ಬಂದರೆ ರಿಕರ್ಷನ್ ಎರರ್ ಖಚಿತ. ಸಿ++ನಲ್ಲಿ ಲಕ್ಷಗಳವರೆಗೂ ನಡೆಯಬಹುದು, ಆಮೇಲೆ ಸ್ಟ್ಯಾಕ್ (ಆ ಕರೆಗಳನ್ನು ನೆನಪಿಡುವ ಮೆಮೊರಿ) ತುಂಬಿ ಏನೂ ಹೇಳದೆ ನಿಂತುಬಿಡುತ್ತದೆ. ವಿಂಡೋಸ್‌ನಲ್ಲಿ ಸ್ಟ್ಯಾಕ್ ಸಾಮಾನ್ಯವಾಗಿ 1 ಎಂಬಿ, ಲಿನಕ್ಸ್‌ನಲ್ಲಿ 8 ಎಂಬಿ. ಒಂದರಲ್ಲಿ ಓಡಿ ಇನ್ನೊಂದರಲ್ಲಿ ಬಿದ್ದರೆ ಆಶ್ಚರ್ಯಪಡಬೇಡಿ.

ಎಚ್ಚರಿಕೆ: ಪೈಥಾನ್‌ನ ಮಿತಿಯನ್ನು ಲಕ್ಷಗಟ್ಟಲೆ ಏರಿಸುವುದು ಪರಿಹಾರವಲ್ಲ. ಅರ್ಥವಾಗುವ ಎರರ್ ಬರುವ ಜಾಗದಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಬಂದು ಇಡೀ ಪ್ರಕ್ರಿಯೆಯೇ ಸಾಯಬಹುದು. ಒಂದೇ ವಿಂಡೋದಲ್ಲಿ ಉಳಿಸದ ಕೆಲಸ ಇದ್ದರೆ ಅದೂ ಹೋಗುತ್ತದೆ. ಸೂತ್ರವನ್ನು 2ರಿಂದ ಎನ್‌ವರೆಗಿನ ಲೂಪ್ ಮಾಡಿ. ಒಂದೇ ಒಂದು ವೇರಿಯಬಲ್ ಸಾಕು.

ಲಕ್ಷಣ: ಉತ್ತರ ಸರಿ, ಆದರೆ ಸಮಯ ಮೀರುತ್ತದೆ

ಎಲ್ಲಿ ನಿಧಾನ ಎಂದು ಊಹಿಸಬೇಡಿ, ಅಳೆಯಿರಿ. ಎನ್ ಎರಡು ಪಟ್ಟು ಮಾಡಿದಾಗ ಸಮಯ ನಾಲ್ಕು ಪಟ್ಟಾದರೆ ಪಟ್ಟಿಯಿಂದ ತೆಗೆಯುವ ಖರ್ಚು ಅದು: ಪ್ರತಿ ಸಲ ಉಳಿದವರನ್ನೆಲ್ಲ ಸರಿಸುತ್ತಿದೆ. ಎನ್ ಹಾಗೇ ಇಟ್ಟು ಕೆ ಎರಡು ಪಟ್ಟು ಮಾಡಿದಾಗ ಸಮಯವೂ ಎರಡು ಪಟ್ಟಾದರೆ ಒಬ್ಬೊಬ್ಬರನ್ನೇ ಎಣಿಸುತ್ತಿದ್ದೀರಿ. ಲಿಂಕ್ಡ್ ಲಿಸ್ಟ್ (ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸುವ ಪಟ್ಟಿ), ಕ್ಯೂ ತಿರುಗಿಸುವ (ಮುಂದಿನವರನ್ನು ತೆಗೆದು ಹಿಂದೆ ಸೇರಿಸುವ) ವಿಧಾನ ಎರಡರಲ್ಲೂ ಹೀಗಾಗುತ್ತದೆ. ಕ್ಯೂ ಆದರೆ ಕೆ − 1 ಸಲ ತಿರುಗಿಸುವ ಬದಲು (ಕೆ − 1) % ಉದ್ದ ಸಲ ತಿರುಗಿಸಿ. ಕೆ ಕೋಟಿಗಟ್ಟಲೆ ಇದ್ದಾಗ ನೇತುಬೀಳುವುದು ತಪ್ಪುತ್ತದೆ.

ಮುಂದಿನ ದಾರಿ ನಿಮಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ.

ಕೊನೆಯವರು ಮಾತ್ರ ಸಾಕೆಂದರೆ ಪಟ್ಟಿಯೇ ಬೇಡ, ಮೇಲಿನ ಸೂತ್ರದ ಲೂಪ್ ಸಾಕು. ಎನ್ ಸುತ್ತು, ಒಂದು ಕೂಡುವಿಕೆ, ಒಂದು ಶೇಷ. 1 ಕೋಟಿ ಜನರಾದರೂ ಸಿ++ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಎಮ್-ನೇ ಸಲ ಔಟ್ ಆಗುವವರು ಬೇಕೆಂದರೂ ಪಟ್ಟಿ ಬೇಡ. ಜಾಗ = (ಕೆ − 1) % (ಎನ್ − ಎಮ್ + 1) ಎಂದು ಶುರು ಮಾಡಿ, ಐ ಅನ್ನು ಎನ್ − ಎಮ್ + 2ರಿಂದ ಎನ್‌ವರೆಗೆ ಓಡಿಸುತ್ತ ಜಾಗ = (ಜಾಗ + ಕೆ) % ಐ ಮಾಡಿ, ಕೊನೆಗೆ 1 ಕೂಡಿಸಿ. 5 ಜನ, ಕೆ = 2, ಎಮ್ = 2 ಹಾಕಿದರೆ: 1 % 4 = 1, ಆಮೇಲೆ (1 + 2) % 5 = 3, ಉತ್ತರ 4. ಜೋಸೆಫಸನ ಜೊತೆಗಾರನ ಜಾಗ ಬೇಕೆಂದರೆ ಎನ್ = 41, ಕೆ = 3, ಎಮ್ = 40 ಹಾಕಿ; 16 ಬರುತ್ತದೆ.

ಪೂರ್ತಿ ಕ್ರಮ ಬೇಕೆಂದರೆ ಫೆನ್ವಿಕ್ ಟ್ರೀ, ಅಂದರೆ ಶುರುವಿನಿಂದ ಯಾವ ಜಾಗದವರೆಗಿನ ಮೊತ್ತವನ್ನೂ ಬೇಗ ಹೇಳುವ ರಚನೆ. ಎಲ್ಲ ಜಾಗಕ್ಕೂ 1 ತುಂಬಿ, "ಉಳಿದವರಲ್ಲಿ ಇಷ್ಟನೆಯವರು ಎಲ್ಲಿದ್ದಾರೆ" ಎಂದು ಕೇಳಿ, ಅಲ್ಲಿಂದ 1 ಕಳೆಯಿರಿ. 2 ಲಕ್ಷ ಜನರಿಗೆ ಒಂದು ಹುಡುಕಾಟ 18 ಹೆಜ್ಜೆ, ಒಟ್ಟು 36 ಲಕ್ಷ. ಕಳೆಯುವುದಕ್ಕೆ ಹೆಚ್ಚೆಂದರೆ ಇನ್ನಷ್ಟೇ. ಟ್ರೀ 1ರಿಂದ ಎಣಿಸುತ್ತದೆ, ನಿಮ್ಮ ಜಾಗ 0ಯಿಂದ ಎಣಿಸುತ್ತದೆ. ಆದ್ದರಿಂದ ಹುಡುಕಬೇಕಾದ್ದು ಜಾಗ + 1ನೆಯವರನ್ನು. ಟ್ರೀ ಹಾಕಿದ ಮೇಲೆ ಉತ್ತರ ಒಂದು ಜಾಗ ತಪ್ಪಿದರೆ ಈ ಒಂದನ್ನು ನೋಡಿ.

ಲಕ್ಷಣ: ಎನ್ ನೂರಾರು ಕೋಟಿ ದಾಟಿದರೆ ಋಣ ಉತ್ತರ, ಅನಂತ ಲೂಪ್, ಅಥವಾ ಸೊನ್ನೆಯಿಂದ ಭಾಗಿಸಿದ ಎರರ್

ಕೆ = 2 ಆದಾಗ ಲೂಪ್ ಕೂಡ ಬೇಡ. ಎನ್ ಒಳಗಿನ ಅತಿ ದೊಡ್ಡ 2ರ ಘಾತವನ್ನು ಕಳೆದು, ಉಳಿದದ್ದನ್ನು ಎರಡು ಪಟ್ಟು ಮಾಡಿ 1 ಕೂಡಿಸಿ. 41ರಲ್ಲಿ 32 ಹೋದರೆ 9, ಉತ್ತರ 19. 100ರಲ್ಲಿ 64 ಹೋದರೆ 36, ಉತ್ತರ 73. ಬೈನರಿಯಲ್ಲಿ ನೋಡಿದರೆ ಮೊದಲ 1ನ್ನು ಕಿತ್ತು ಕೊನೆಗೆ ಅಂಟಿಸಿದಂತೆ: 101001 ಎಂಬುದು 010011 ಆಗುತ್ತದೆ. ಇಷ್ಟು ಅಚ್ಚುಕಟ್ಟಾದ ಉತ್ತರ ಕೆ = 2ಕ್ಕೆ ಮಾತ್ರ ದಕ್ಕುತ್ತದೆ.

ದೋಷ ಬರುವುದು ಆ ಘಾತವನ್ನು ಹುಡುಕುವಾಗ. "ಪಿ × 2 ≤ ಎನ್ ಇರುವವರೆಗೆ ಪಿಯನ್ನು ಎರಡು ಪಟ್ಟು ಮಾಡು" ಎಂದು ಜಾವಾದ 32 ಬಿಟ್ ಇಂಟ್‌ನಲ್ಲಿ ಬರೆದರೆ, ಎನ್ 1,07,37,41,824 ಮುಟ್ಟಿದ ಕೂಡಲೇ ಕಥೆ ಕೆಡುತ್ತದೆ. ಪಿ ಆ ಸಂಖ್ಯೆಗೇ ಬಂದಾಗ ಅದರ ಎರಡು ಪಟ್ಟು ಇಂಟ್‌ನಲ್ಲಿ ಹಿಡಿಸದೆ −2,14,74,83,648 ಆಗುತ್ತದೆ. ಅದು ಎನ್‌ಗಿಂತ ಕಡಿಮೆ ತಾನೇ, ಲೂಪ್ ಮುಂದುವರಿಯುತ್ತದೆ. ಮತ್ತೆ ಎರಡು ಪಟ್ಟಾದಾಗ 0. ಸೊನ್ನೆಯ ಎರಡು ಪಟ್ಟು ಸೊನ್ನೆಯೇ, ಅಲ್ಲಿಗೆ ಲೂಪ್ ಎಂದೂ ನಿಲ್ಲುವುದಿಲ್ಲ. ಷರತ್ತನ್ನು ಪಿ ≤ ಎನ್ / 2 ಎಂದು ಬರೆಯಿರಿ, ಅಥವಾ 64 ಬಿಟ್ ಬಳಸಿ. ಸಿ++ನಲ್ಲಿ ಇಂಥ ಉಕ್ಕುವಿಕೆಗೆ ಭಾಷೆಯೇ ಯಾವ ಭರವಸೆಯನ್ನೂ ಕೊಡುವುದಿಲ್ಲ, ಒಂದೊಂದು ಕಂಪೈಲರ್‌ನಲ್ಲಿ ಒಂದೊಂದು ರೀತಿ ವರ್ತಿಸಬಹುದು.

ಲಾಗರಿದಂ ಬಳಸಿ ಘಾತ ಹುಡುಕುವುದನ್ನು ಬಿಟ್ಟುಬಿಡಿ. ಡಬಲ್‌ನಲ್ಲಿ (ದಶಮಾಂಶ ಸಂಖ್ಯೆ ಇಡುವ ಬಗೆ) ನಿಖರತೆ 53 ಬಿಟ್ ಮಾತ್ರ. 2ರ 60ನೇ ಘಾತಕ್ಕಿಂತ ಒಂದೇ ಕಡಿಮೆ ಇರುವ ಸಂಖ್ಯೆ ಅದರೊಳಗೆ ಹೋದಾಗ 2ರ 60ನೇ ಘಾತವಾಗಿಯೇ ಕೂರುತ್ತದೆ, ಉತ್ತರ ಪೂರ್ತಿ ಹಾಳಾಗುತ್ತದೆ.

ಕೆ ಬೇರೆ ಇದ್ದು ಎನ್ 10¹⁸ರಷ್ಟಿದ್ದರೆ ಒಂದೊಂದೇ ಹೆಜ್ಜೆ ಇಡಲಾಗದು, ಜಿಗಿಯಬೇಕು. ಐ ಜನರಿಗೆ ಜಾಗ ಗೊತ್ತಿದೆ ಎನ್ನಿ. ವೃತ್ತ ಸುತ್ತದೆ ಎಷ್ಟು ಹೆಜ್ಜೆ ಒಟ್ಟಿಗೆ ಇಡಬಹುದು? (ಐ − ಜಾಗ − 1) / (ಕೆ − 1), ಪೂರ್ಣಾಂಕ ಮಾತ್ರ. ಅದು ಎನ್ − ಐಗಿಂತ ಹೆಚ್ಚಾದರೆ ಎನ್ − ಐಗೆ ಇಳಿಸಿ. ಅಷ್ಟನ್ನು ಐಗೆ ಕೂಡಿಸಿ, ಅದರ ಕೆ ಪಟ್ಟನ್ನು ಜಾಗಕ್ಕೆ ಕೂಡಿಸಿ. ಸೊನ್ನೆ ಬಂದರೆ ಮಾಮೂಲಿ ಒಂದು ಹೆಜ್ಜೆ ಇಡಿ. ಕೆ = 3ರಲ್ಲಿ 21 ಜನರಿಗೆ ಜಾಗ 1; (21 − 1 − 1) / 2 = 9, ಹಾಗಾಗಿ ಒಂದೇ ಜಿಗಿತಕ್ಕೆ 30 ಜನ, ಜಾಗ 28. ಅಲ್ಲಿಂದ ಒಂದು ಮಾಮೂಲಿ ಹೆಜ್ಜೆ: 31 ಜನ, ಜಾಗ 0. ಮುಂದಿನ ಜಿಗಿತ 15 ಹೆಜ್ಜೆಯದು, ಆದರೆ 41ಕ್ಕೆ ನಿಲ್ಲಬೇಕಾದ್ದರಿಂದ 10ಕ್ಕೆ ಇಳಿಸುತ್ತೇವೆ. ಜಾಗ 30, ಉತ್ತರ 31.

ಇಲ್ಲಿ ಮೂರು ಕಡೆ ಎಡವುತ್ತಾರೆ. ಕೆ = 1 ಆದರೆ ಕೆ − 1 ಸೊನ್ನೆ, ಭಾಗಾಕಾರ ಕುಸಿಯುತ್ತದೆ; ಅದನ್ನು ಮೊದಲೇ ಬೇರೆ ಮಾಡಿ, ಉತ್ತರ ಎನ್ ಎಂದೇ ಕೊಡಿ. ಜಿಗಿತವನ್ನು ಎನ್ − ಐಗೆ ಇಳಿಸುವುದು ಮರೆತರೆ ಎನ್ ದಾಟಿದ ಜನರ ಉತ್ತರ ಬರುತ್ತದೆ. ಗುಣಾಕಾರ 32 ಬಿಟ್‌ನಲ್ಲಿ ಉಕ್ಕಿದರೆ ಋಣ ಉತ್ತರ. ಇನ್ನು, ಐ ಕೆಗಿಂತ ಚಿಕ್ಕದಿರುವವರೆಗೆ ಜಿಗಿತ ಸಿಗುವುದೇ ಇಲ್ಲ. ಆದ್ದರಿಂದ ಕೆ ಲಕ್ಷದಷ್ಟಿದ್ದರೆ ಈ ವಿಧಾನ ಚೆನ್ನಾಗಿ ಓಡುತ್ತದೆ, ಎನ್ ಮತ್ತು ಕೆ ಎರಡೂ 10¹⁸ ಇದ್ದರೆ ಇದು ನಿಮ್ಮ ದಾರಿಯಲ್ಲ. ಅಲ್ಲಿ ನಿಲ್ಲಿಸಿ, ಪ್ರಶ್ನೆಯ ಮಿತಿಗಳನ್ನು ಇನ್ನೊಮ್ಮೆ ಓದಿ. ಹೆಚ್ಚಾಗಿ ಕೆ ಚಿಕ್ಕದು ಎಂದು ಎಲ್ಲೋ ಒಂದು ಸಾಲಿನಲ್ಲಿ ಬರೆದಿರುತ್ತದೆ.

ಲಕ್ಷಣ: ಸರಿಯಾದ ಕೆ ಹುಡುಕುವ ಪ್ರೋಗ್ರಾಂ ತಪ್ಪು ಹೇಳುತ್ತದೆ ಅಥವಾ ಮುಗಿಯುವುದೇ ಇಲ್ಲ

ಈ ರೂಪದಲ್ಲಿ ಮೊದಲ ಎಮ್ ಜನರನ್ನು ಉಳಿಸಬೇಕು, ಅವರ ಮುಂದಿನ ಎಮ್ ಜನ ಮೊದಲು ಔಟ್ ಆಗಬೇಕು, ಅದಕ್ಕೆ ಅತಿ ಚಿಕ್ಕ ಕೆ ಬೇಕು. ಎಮ್ 1ರಿಂದ 10ರವರೆಗೆ ಸರಿ ಉತ್ತರಗಳು 2, 7, 5, 30, 169, 441, 1872, 7632, 1740, 93313.

ಏರಿಳಿತ ಗಮನಿಸಿ: 7ರ ನಂತರ 5, 7632ರ ನಂತರ 1740. ಹಿಂದಿನ ಉತ್ತರದಿಂದ ಮುಂದಿನ ಹುಡುಕಾಟ ಶುರು ಮಾಡಿದ್ದರೆ ತಪ್ಪುವುದು ಇಲ್ಲೇ. ಬೈನರಿ ಸರ್ಚ್ ಕೂಡ ನಡೆಯದು, ಏಕೆಂದರೆ ಒಂದು ಕೆ ಕೆಲಸ ಮಾಡಿತೆಂದರೆ ಅದಕ್ಕಿಂತ ದೊಡ್ಡವೆಲ್ಲ ಕೆಲಸ ಮಾಡುತ್ತವೆ ಎಂದೇನೂ ಇಲ್ಲ.

ಹುಡುಕಾಟ ಮುಗಿಯದಿದ್ದರೆ ಕೋಡೇ ತಪ್ಪು, ಉತ್ತರ ಇಲ್ಲದಿರುವುದು ಸಾಧ್ಯವಿಲ್ಲ. ಎಮ್ + 1ರಿಂದ 2ಎಮ್‌ವರೆಗಿನ ಎಲ್ಲ ಸಂಖ್ಯೆಗಳ ಲ.ಸಾ.ಅ.ವನ್ನೇ ಕೆ ಎಂದಿಟ್ಟರೆ ಪ್ರತಿ ಸಲವೂ ಸಾಲಿನ ಕೊನೆಯವರೇ ಔಟ್ ಆಗುತ್ತಾರೆ, ಎಣಿಕೆ ಮತ್ತೆ ಮೊದಲಿಗೆ ಬರುತ್ತದೆ.

ನಿಧಾನವಾದರೆ ಎರಡು ಕೆಲಸ ಮಾಡಿ. ಪಟ್ಟಿಯನ್ನು ನಿಜವಾಗಿ ಕತ್ತರಿಸಬೇಡಿ; ಜಾಗ = (ಜಾಗ + ಕೆ − 1) % ಉಳಿದವರ ಸಂಖ್ಯೆ ಎಂದು ಲೆಕ್ಕ ಹಾಕಿ, ಜಾಗ ಎಮ್‌ಗಿಂತ ಕಡಿಮೆ ಬಂದ ಕ್ಷಣವೇ ಆ ಕೆಯನ್ನು ಬಿಡಿ. ಎರಡನೆಯದಾಗಿ, ಎಮ್ + 1ರಿಂದ ಭಾಗಿಸಿದಾಗ ಶೇಷ 0 ಅಥವಾ 1 ಬರುವ ಕೆಗಳನ್ನು ಮಾತ್ರ ನೋಡಿ. ಹೊರಹೋಗಬೇಕಾದವರಲ್ಲಿ ಒಬ್ಬರೇ ಉಳಿದಾಗ ಎಣಿಕೆ ಶುರುವಾಗುವುದು ಒಂದೋ ಅವರಿಂದಲೇ, ಇಲ್ಲವೇ ಮೊದಲ ವ್ಯಕ್ತಿಯಿಂದ. ಮೊದಲ ಸಂದರ್ಭಕ್ಕೆ ಶೇಷ 1 ಬೇಕು, ಎರಡನೆಯದಕ್ಕೆ 0.

ಲಕ್ಷಣ: ಎದುರಾಳಿಯೂ ಆಯ್ಕೆ ಮಾಡುತ್ತಾನೆ, ನಿಮ್ಮ ತಂತ್ರ ಸೋಲುತ್ತದೆ

ಜೋಸೆಫಸ್ ಆಟದಲ್ಲಿ ನಿಂತ ಮೇಲೆ ಯಾರಿಗೂ ಆಯ್ಕೆ ಇಲ್ಲ. ಸರದಿಯ ಪ್ರಕಾರ ಇಬ್ಬರು ಆಯ್ದು ತೆಗೆಯುವುದಾದರೆ ಮೇಲಿನ ಸೂತ್ರ ಯಾವುದೂ ಹೊಂದುವುದಿಲ್ಲ. ಒಂದು ಸಾಮಾನ್ಯ ರೂಪ: ಸಂಖ್ಯೆಗಳ ಸಾಲು, ಸರದಿಯಂತೆ ಯಾವುದಾದರೂ ಒಂದು ತುದಿಯನ್ನು ತೆಗೆಯಬೇಕು, ಮೊದಲ ಆಟಗಾರನಿಗೆ ಕೊನೆಯಲ್ಲಿ ದೊಡ್ಡದು ಉಳಿಯಬೇಕು, ಎರಡನೆಯವನಿಗೆ ಚಿಕ್ಕದು.

ಎರಡು ತುದಿಗಳಲ್ಲಿ ಚಿಕ್ಕದನ್ನು ತೆಗೆಯುವುದು ಎಲ್ಲರಿಗೂ ಮೊದಲು ಹೊಳೆಯುವ ತಂತ್ರ, ಅದು ಸೋಲುತ್ತದೆ. ಸಾಲು 3, 8, 2, 6 ಎನ್ನಿ. 3 ತೆಗೆದರೆ 8, 2, 6 ಉಳಿಯುತ್ತದೆ, ಎದುರಾಳಿ 8 ತೆಗೆಯುತ್ತಾನೆ, ನಿಮಗೆ ಸಿಗುವುದು 6. ಬದಲಿಗೆ 6 ತೆಗೆದರೆ 8 ನಡುವೆ ಬರುತ್ತದೆ. ಎದುರಾಳಿ ಯಾವ ತುದಿ ತೆಗೆದರೂ ನೀವು ಇನ್ನೊಂದು ತುದಿ ತೆಗೆಯಿರಿ, 8 ಉಳಿಯುತ್ತದೆ.

ಎಷ್ಟೇ ಉದ್ದದ ಸಾಲಾದರೂ ಇದೇ ತರ್ಕ. ಉದ್ದ ಸಮವಾದರೆ ಉತ್ತರ ನಡುವಿನ ಎರಡರಲ್ಲಿ ದೊಡ್ಡದು. ಬೆಸವಾಗಿ 3 ಅಥವಾ ಹೆಚ್ಚಿದ್ದರೆ, ನಡುವಿನದನ್ನು ಅದರ ಎಡದ ಜೊತೆ ಸೇರಿಸಿ ಚಿಕ್ಕದು, ಬಲದ ಜೊತೆ ಸೇರಿಸಿ ಚಿಕ್ಕದು, ಈ ಎರಡರಲ್ಲಿ ದೊಡ್ಡದು. 4, 1, 7, 9, 5ಕ್ಕೆ 7. ನಿಮ್ಮ ಉತ್ತರ ಸಮಕ್ಕೆ ಸರಿ, ಬೆಸಕ್ಕೆ ತಪ್ಪು ಎಂದಾದರೆ ಕೊನೆಯ ನಡೆ ಯಾರದು ಎಂಬುದನ್ನು ತಿರುವುಮುರುವು ಮಾಡಿದ್ದೀರಿ.

ಡೈನಾಮಿಕ್ ಪ್ರೋಗ್ರಾಮಿಂಗ್‌ನಿಂದ (ಸಣ್ಣ ಸಾಲುಗಳ ಉತ್ತರವನ್ನು ಕೋಷ್ಟಕದಲ್ಲಿಟ್ಟು ದೊಡ್ಡದನ್ನು ಕಟ್ಟುವ ವಿಧಾನ) ಪರೀಕ್ಷಿಸುವಾಗ ಮೆಮೊರಿ ನೋಡಿಕೊಳ್ಳಿ. ಎಡ-ಬಲ ತುದಿಗಳ ಕೋಷ್ಟಕ 5000 ಉದ್ದಕ್ಕೆ 2.5 ಕೋಟಿ ಮನೆ, ಮನೆಗೆ 4 ಬೈಟ್ ಆದರೂ 100 ಎಂಬಿ. 1 ಲಕ್ಷ ಉದ್ದಕ್ಕೆ 40 ಜಿಬಿ, ಕಂಪ್ಯೂಟರ್ ಸ್ತಬ್ಧವಾಗುತ್ತದೆ. ಓಡಿಸುವ ಮೊದಲು ತೆರೆದ ಫೈಲುಗಳನ್ನು ಉಳಿಸಿ. ಲಿನಕ್ಸ್ ಆದರೆ ಟೈಮ್‌ಔಟ್ ಮತ್ತು ಯುಲಿಮಿಟ್ ಕಮಾಂಡ್‌ಗಳಿಂದ ಸಮಯಕ್ಕೂ ಮೆಮೊರಿಗೂ ಮಿತಿ ಹಾಕಿ.

ಲಕ್ಷಣ: ನಿಮ್ಮಲ್ಲಿ ಎಲ್ಲ ಸರಿ, ಜಡ್ಜ್ (ಸ್ಪರ್ಧೆಯ ಪರೀಕ್ಷಕ ಪ್ರೋಗ್ರಾಂ) ಮಾತ್ರ ಒಪ್ಪುವುದಿಲ್ಲ

ಉಳಿಸಿಕೊಂಡ ನಾಲ್ಕು ಸಾಲಿನ ಕೋಡ್ ಈಗ ಹೊರಗೆ ಬರಲಿ. ಎನ್ 1ರಿಂದ 50, ಕೆ 1ರಿಂದ 50, ಒಟ್ಟು 2500 ಜೋಡಿ. ಎರಡೂ ಪ್ರೋಗ್ರಾಂಗಳ ಉತ್ತರ ಹೋಲಿಸಿ, ಬೇರೆಯಾದ ಮೊದಲ ಜೋಡಿಯಲ್ಲೇ ನಿಲ್ಲಿಸಿ. ಎನ್ ಅನ್ನು ಹೊರಗಿನ ಲೂಪ್‌ನಲ್ಲಿ ಇಟ್ಟರೆ ಸಿಗುವುದು ಅತಿ ಕಡಿಮೆ ಜನರ ತಪ್ಪು ಪ್ರಕರಣ. ಅದನ್ನು ಕಾಗದದ ಮೇಲೆ ಆಡಿದರೆ ದೋಷ ತಾನಾಗಿ ಕಾಣುತ್ತದೆ.

2500ರಲ್ಲೂ ಒಂದೇ ಉತ್ತರ ಬಂದರೆ ಅಲ್ಗಾರಿದಂ ಬಿಟ್ಟು ಸುತ್ತಲಿನದನ್ನು ನೋಡಿ. ಮೊದಲ ಟೆಸ್ಟ್ ಕೇಸ್ ಸರಿ, ಎರಡನೆಯದರಿಂದ ತಪ್ಪು ಎಂದರೆ ಜಾಗ ಮತ್ತೆ 0 ಆಗಿಲ್ಲ, ಅಥವಾ ಫೆನ್ವಿಕ್ ಟ್ರೀಯಲ್ಲಿ ಹಳೆಯ ಲೆಕ್ಕ ಉಳಿದಿದೆ. ಇನ್‌ಪುಟ್ ಕೊನೆಯಲ್ಲಿ 0 0 ಬಂದರೆ ನಿಲ್ಲಬೇಕೆಂದಿದ್ದು ನೀವು ಅದಕ್ಕೂ ಉತ್ತರ ಮುದ್ರಿಸಿರಬಹುದು. ಎನ್ ಮತ್ತು ಕೆ ಕೊಡುವ ಕ್ರಮ ಅದಲುಬದಲಾಗಿರಬಹುದು; 5, 2 ಕೊಟ್ಟಾಗ ಉತ್ತರ 3 ಬರಬೇಕು, 2 ಬಂದರೆ ಅದು 2 ಜನ, ಕೆ = 5ರ ಉತ್ತರ. ಮಿತಿಯ ತುದಿಗಳನ್ನೂ ಕೊಟ್ಟು ನೋಡಿ: ಎನ್ = 1, ಕೆ = 1, ಎರಡೂ ಗರಿಷ್ಠ.

ಐಸಿಪಿಸಿ (ಕಾಲೇಜು ತಂಡಗಳ ಪ್ರೋಗ್ರಾಮಿಂಗ್ ಸ್ಪರ್ಧೆ) ಮಾದರಿಯ ಸ್ಪರ್ಧೆಯಲ್ಲಿ, ಕೊನೆಗೂ ಬಿಡಿಸಿದ ಪ್ರಶ್ನೆಗೆ ಮೊದಲು ಕಳಿಸಿದ ಪ್ರತಿ ತಪ್ಪು ಉತ್ತರವೂ 20 ನಿಮಿಷದ ದಂಡ ತರುತ್ತದೆ. ಒಂದು ಕೂಡಿಸಿ ಒಂದು ಕಳೆದು ಕಳಿಸುತ್ತ ಹೋಗುವುದಕ್ಕಿಂತ ಮೇಲಿನ ಹೋಲಿಕೆಗೆ ಐದು ನಿಮಿಷ ಕೊಡುವುದು ಅಗ್ಗ. ಸ್ಪರ್ಧೆ ನಡೆಯುತ್ತಿರುವಾಗ ಹೊರಗಿನವರನ್ನು ಕೇಳಬೇಡಿ, ತಂಡವೇ ಅನರ್ಹವಾಗಬಹುದು. ಮುಗಿದ ಮೇಲೂ ದೋಷ ಸಿಗದಿದ್ದರೆ ಗೊತ್ತಿರುವವರ ಬಳಿ ಹೋಗಿ. ಹೋಗುವಾಗ ನಿಯಮದ ಪೂರ್ತಿ ಪಠ್ಯ, ಎನ್ ಮತ್ತು ಕೆಯ ಮಿತಿ, ತಪ್ಪಿದ ಅತಿ ಚಿಕ್ಕ ಜೋಡಿ, ಅದಕ್ಕೆ ನಿಮ್ಮ ಪ್ರೋಗ್ರಾಂ ಮುದ್ರಿಸಿದ ಕ್ರಮ, ಕೈಯಲ್ಲಿ ಆಡಿದಾಗ ಬಂದ ಕ್ರಮ, ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡಿರಿ.